ಹಬ್ಬ ಮುಗಿದ ಮರುದಿನ ಊರಿಗೆ ಏನು ಉಳೀತು?

ದೀಪಾವಳಿ ಬಂತಂದ್ರ ನಮ್ಮ ಸೀಮ್ಯಾಗ ಬೈಕು, ಫ್ರಿಜ್ಜು, ಬಂಗಾರದ ಬಹುಮಾನ ಅಂತ ಬ್ಯಾನರ್ ಏಳ್ತಾವ. ಹೋರಿ ಹಬ್ಬ ದೊಡ್ಡದು ಮಾಡಿದ್ರ ಊರಿಗೆ ಹೆಸರು, ಅಂಗಡಿಯವರಿಗೆ ವ್ಯಾಪಾರ ಅಂತಾರ. ಎರಡು ದಿನದ ವ್ಯಾಪಾರ ಖರೇ. ಮೂರನೇ ದಿನಕ್ಕ ಏನೈತಿ?

ಹಬ್ಬ ನಿಲ್ಲಸ್ರಿ ಅನ್ನಾಂವ ನಾನಲ್ಲ. ಜಲ್ಲಿಕಟ್ಟು, ಕಂಬಳ, ಎತ್ತಿನ ಗಾಡಿ ಓಟದ ವ್ಯಾಜ್ಯ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದಾಗ ಮುಗೀತು, ರಾಜ್ಯಗಳ ತಿದ್ದುಪಡಿ ಉಳಿದವು. ಆದರ ಕೋರ್ಟ್ ಒಪ್ಪಿದ್ದು ನಿಯಮ ಪಾಲಿಸೋ ಆಟಾನ. ನಮ್ಮಲ್ಲಿ ಬೇಲಿ ಇಲ್ಲದ ಓಣ್ಯಾಗ ಹೋರಿ ಬಿಟ್ಟು, ನೋಡಾಕ ನಿಂತವರು ತಿವಿಸಿಕೊಂಡು ಸತ್ತರ 'ಹಣೆಬರಹ' ಅಂತೇವಿ. ಬೈಕಿಗೆ ರೊಕ್ಕ ಕೂಡ್ತೈತಿ, ಬೇಲಿಗೆ ಕೂಡೂದಿಲ್ಲ. ಇದ್ಯಾವ ಲೆಕ್ಕ?

ದೊಡ್ಡ ಊರುಗಳ ಕಥಿನೂ ಹಿಂಗ. 2004ರ ಒಲಿಂಪಿಕ್ಸ್‌ಗೆ ಅಥೆನ್ಸ್‌ನಾಗ ಕಟ್ಟಿದ ಎಷ್ಟೋ ಅಂಕಣ ಆಮೇಲೆ ಹುಲ್ಲು ಬೆಳದು ಪಾಳುಬಿದ್ದವು. ಅದೇ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕ ಬೆಂಗಳೂರಿನ ಕೋರಮಂಗಲದಾಗ ಆಟಗಾರರಿಗಂತ ಕಟ್ಟಿದ ಮನಿಯೊಳಗ ಇವತ್ತಿಗೂ ಸಂಸಾರ ನಡೀತಾವ. ಫರಕು ಇಷ್ಟ: ಆಟ ಮುಗಿದ ಮ್ಯಾಲ ಯಾರು ಬಳಸ್ತಾರ ಅನ್ನೋದನ್ನ ಮೊದಲ ವಿಚಾರ ಮಾಡಿದ್ರು.

ನಮಗೂ ಅದೇ ಬೇಕು. ಹಬ್ಬದ ಹೊತ್ತಿಗೇ ಗೋವಿನಜೋಳ ಒಕ್ಕಿ, ಕಣ ಇಲ್ಲದ್ದಕ್ಕ ಡಾಂಬರ ರಸ್ತೆ ಮ್ಯಾಲ ಒಣಗಸ್ತೇವಿ. ಅರ್ಧ ರಸ್ತೆ ಕಾಳು, ಅರ್ಧ ರಸ್ತೆ ವಾಹನ, ರಾತ್ರಿ ಬೈಕಿನವರು ಜಾರಿ ಬೀಳೂದು. ಹಂಗಾದ್ರ ಗಳಗನಾಥದಂಥ ಊರಾಗ, ಹೊಳಿ ನೀರು ಬರದ ಎತ್ತರದ ಗಾಂವಠಾಣ ಜಾಗದಾಗ, ಕಾಯಂ ಅಖಾಡ ಯಾಕ ಬ್ಯಾಡ? ನಡುವ ಹೋರಿ ಗೊರಸಿಗೆ ಹದವಾದ ಮಣ್ಣಿನ ದಾರಿ, ಎರಡೂ ಬದಿಗೆ ಗಟ್ಟಿ ಬೇಲಿ, ಬೇಲಿ ಆಚೆ ಜನ ನಿಲ್ಲಾಕ ಕಾಂಕ್ರೀಟ್ ಹಾಸು. ಹಬ್ಬದ ಎರಡು ದಿನ ಜನ, ಉಳಿದ ದಿನ ಅದೇ ಹಾಸು ಕಾಳು ಒಣಗಸೋ ಕಣ. ಒಂದು ನೀರಿನ ತೊಟ್ಟಿ ಕಟ್ಟಿದ್ರ ವರ್ಷಪೂರ್ತಿ ದನಕ್ಕ ಆಗ್ತೈತಿ.

ಇನ್ನ ಬಲೂನು, ಪ್ಲಾಸ್ಟಿಕ್ಕು. ಹೋರಿಗೆ ಪೂಜೆ ಮಾಡಿ, ಮರುದಿನ ಅದೇ ಕಸ ಆಕಳ ಹೊಟ್ಟಿಗೆ ಹೋಗಾಕ ಬಿಡೂದು ಯಾವ ಭಕ್ತಿ? ಕಸ ಆರಸೂದೂ ಸಮಿತಿ ಖರ್ಚಿನಾಗ ಬರಲಿ.

ಈ ಸಲ ಪಟ್ಟಿ ಕೇಳಾಕ ಬಂದವರಿಗೆ ಒಂದ ಮಾತು ಹೇಳ್ರಿ: ಮೊದಲ ಬೇಲಿ, ಆಮೇಲೆ ಕಣ, ಉಳಿದ್ರ ಬೈಕು. ಈ ಕ್ರಮ ಒಪ್ಪಿದ್ರ ನನ್ನ ಪಟ್ಟಿ ತಯಾರೈತಿ. ಒಪ್ಪದಿದ್ರ ಇಲ್ಲ.