ದೊಡ್ಡ ಹುಣಸೆಗೆ ನಮ್ಮ ಜಂಬ ಬೇಕಿಲ್ಲ

ವಾರಾಂತ್ಯ ಬಂದರೆ ಸಾಕು, ಬೆಂಗಳೂರಿನ ಗೆಳೆಯರು ಸಾವನದುರ್ಗದ ಗ್ರಾನೈಟ್ ಬಂಡೆ ಹತ್ತೋಣ ಬಾ ಅಂತಾರೆ. ಅಲ್ಲಿನ ಅಪರೂಪದ ಗಿಡಗಳ ಬಗ್ಗೆ ಗಂಟೆಗಟ್ಟಲೆ ಕೊರೀತಾರೆ. ನಮ್ಮ ಸವಣೂರಿಗೆ ಬನ್ರೋ ಅಂದರೆ ಮಾತ್ರ, 'ಅಲ್ಲೇನಿದೆ, ಖಾರಾನಾ?' ಅಂತ ನಗು!

ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಆನೆಕಾಲಿನಂಥ ಬೊಡ್ಡೆಯ ಬಾವೊಬಾಬ್ ಮರಗಳಿವೆ. ಹುಳಿ ತಿರುಳಿನ ಕಾಯಿ ಬಿಡುವುದರಿಂದ ನಮ್ಮ ಜನ ಇಟ್ಟ ಹೆಸರು ದೊಡ್ಡ ಹುಣಸೆ. ರಾತ್ರಿ ಅರಳುವ ಬಿಳಿ ಹೂವು, ಬೊಡ್ಡೆಯೊಳಗೆ ನೀರು. ಮೂರರಲ್ಲಿ ಒಂದು ಮರ 2023ರ ಜುಲೈ ಮಳೆಗೆ ಬುಡಸಮೇತ ಉರುಳಿತು. ಅದನ್ನು ಕ್ರೇನಿನಿಂದ ಎತ್ತಿ ಮತ್ತೆ ನೆಟ್ಟರು.

ಮರ ಬಿದ್ದ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: 'ಎರಡು ಸಾವಿರ ವರ್ಷದ ಮರ'. ನನ್ನ ಜಗಳ ಇರೋದೇ ಇಲ್ಲಿ. ಟೊಳ್ಳಾಗುವ, ಹಲವು ಕಾಂಡಗಳು ಕೂಡಿ ಒಂದಾಗುವ ಈ ಮರದ ವಯಸ್ಸನ್ನು ಗಾತ್ರ ನೋಡಿ ಹೇಳಲಾಗದು. ಇನ್ನು ಕೆಲವರು, 'ಬಿಡಲೇ, ಅದು ಫಾರಿನ್ ಗಿಡ' ಅಂತಾರೆ. ನಿಜ, ಮೂಲ ಆಫ್ರಿಕಾ. ಆಫ್ರಿಕಾದ ಬೇರೆ ಬೇರೆ ಕಡೆಗಳಿಂದ, ಹಲವು ಸಲ ಇದು ಭಾರತಕ್ಕೆ ಬಂದಿದೆ ಅಂತ 2015ರ ವಂಶವಾಹಿ ಅಧ್ಯಯನ ಹೇಳಿತು. ಆದರೆ ನಮ್ಮ ಮೆಣಸಿನಕಾಯಿ ಎಲ್ಲಿಯದು ಸ್ವಾಮಿ? ಅದೂ ಅಮೆರಿಕದಿಂದ ಬಂದದ್ದೇ. ಅದಿಲ್ಲದೆ ಸವಣೂರು ಖಾರ ಎಲ್ಲಿಂದ ಬರಬೇಕು?

ಮೂರನೆಯವರು ಇನ್ನೂ ಅಪಾಯಕಾರಿ. ಅವರಿಗೆ ಮರದ ಸುತ್ತ 'ಅಭಿವೃದ್ಧಿ' ಬೇಕು. ಅಂದರೆ ಸಿಮೆಂಟ್ ಕಟ್ಟೆ, ಟೈಲ್ಸು, ಪಾರ್ಕಿಂಗು. ಬಾವೊಬಾಬ್ ಬೇರು ಆಳಕ್ಕಿಳಿಯೋದು ಕಡಿಮೆ, ಅಗಲಕ್ಕೆ ಬಹುದೂರ ಹರಡುತ್ತೆ. ಆ ಮಣ್ಣನ್ನು ತುಳಿದು ಬಿಗಿ ಮಾಡಿ, ಮೇಲೆ ಸಿಮೆಂಟ್ ಸುರಿದರೆ ಅದು ಉಸಿರಾಡೋದು ಹೇಗೆ? ಆಫ್ರಿಕಾದಲ್ಲೇ ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9 ಮರಗಳು 2005ರಿಂದೀಚೆಗೆ ಪೂರ್ತಿಯಾಗಿಯೋ ಭಾಗಶಃವಾಗಿಯೋ ಸತ್ತವು ಅಂತ 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ವಯಸ್ಸೇ ರಕ್ಷಣೆ ಅಲ್ಲ.

ನಾನೇನೂ ಸಾಚಾ ಅಲ್ಲ. ಹಾನಗಲ್ಲಿನಿಂದ ಶಾಲಾ ಪ್ರವಾಸಕ್ಕೆ ಹೋದಾಗ ಕೈವಾರದ ಮೊನೆಯಿಂದ ತೊಗಟೆಯ ಮೇಲೆ ನನ್ನ ಹೆಸರು ಕೆತ್ತಿದ್ದೆ. ಮೂರರಲ್ಲಿ ಯಾವ ಮರ ಅಂತ ನೆನಪಿಲ್ಲ. ಒಂದು ಉರುಳಿತು ಅಂತ ಓದಿದ ದಿನದಿಂದ ಆ ಅನುಮಾನ ಕೊರೀತಾ ಇದೆ. ಬೀಳೋದಕ್ಕೆ ಅದು ಕಾರಣ ಅಲ್ಲ, ಗೊತ್ತು. ಆದರೂ...

ಕೇಳೋದು ಇಷ್ಟೇ. ಬೇರಿನ ಮೇಲೆ ಕಾಂಕ್ರೀಟ್ ಬೇಡ. ಬೊಡ್ಡೆಗೆ ಒಂದಿಷ್ಟು ದೂರದಲ್ಲಿ ಬೇಲಿ ಇರಲಿ. ವರ್ಷಕ್ಕೊಮ್ಮೆ ಅಳತೆ ಬರೆದಿಡಲಿ. ಅದೇ ಮರಗಳ ಬೀಜದಿಂದ ಸಸಿ ಮಾಡಿ ಶಿಗ್ಗಾವಿ, ಹಿರೇಕೆರೂರಿನ ಶಾಲೆಗಳಲ್ಲಿ ನೆಡಲಿ. ಭಕ್ತಿ ಆಮೇಲೆ, ಜಂಬ ಇನ್ನೂ ಆಮೇಲೆ.

ನಿಮ್ಮೂರಲ್ಲೂ ಇಂಥದ್ದೊಂದು ಮರ ಇದ್ದೇ ಇರುತ್ತೆ. ಅದು ಬೀಳೋಕೆ ಮುಂಚೆ ಬರೀತೀರಾ?