ಕಚೇರಿಗೆ ಬೀಗ ಇದೆ, ಮೊಬೈಲಿಗೆ?

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಬೀಗ ಇರುತ್ತೆ. ಆದ್ರೆ ಈಗ ನಮ್ಮ ಮಾಹಿತಿ ಅಲ್ಲಷ್ಟೇ ಇಲ್ಲ ಸ್ವಾಮಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಳ್ಳಿಗಳನ್ನ ಸುತ್ತೋ ನೌಕರರ ಜೇಬಲ್ಲೂ ಇದೆ!

ಗ್ರಾಮ ಆಡಳಿತಾಧಿಕಾರಿಗಳು (ನಮಗೆ ಇನ್ನೂ ವಿಎ ಸಾಹೇಬ್ರೇ) 2024ರ ಸೆಪ್ಟೆಂಬರಿನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದ್ರು, 2025ರ ಫೆಬ್ರವರಿಯಲ್ಲಿ ಮತ್ತೆ. ಅಷ್ಟೊಂದು ಆ್ಯಪ್‌ಗಳಲ್ಲಿ ಕೆಲಸ ಮಾಡಿಸ್ತೀರಿ, ಮೊಬೈಲು, ಲ್ಯಾಪ್‌ಟಾಪು ಕೊಡಿ ಅನ್ನೋದು ಅವರ ಬೇಡಿಕೆಗಳಲ್ಲೊಂದು. ಇದನ್ನ ಬರೀ ನೌಕರರ ಸೌಕರ್ಯದ ವಿಷಯ ಅಂತ ನೋಡೋದು ತಪ್ಪು ಅಂತ ನನ್ನ ಅನಿಸಿಕೆ. ಆ ಫೋನಿನಲ್ಲಿರೋದು ನಮ್ಮ ಪಹಣಿ, ನಮ್ಮ ಆಧಾರ್.

2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲೂ ಇದೇ ಕಥೆ. ಮೇಷ್ಟ್ರುಗಳು ಮನೆಮನೆಗೆ ಹೋಗಿ 60 ಪ್ರಶ್ನೆ ಕೇಳಿ ಮೊಬೈಲಿಗೆ ತುಂಬಿಸಿದ್ರು. ಮಾಹಿತಿ ಗೋಪ್ಯವಾಗಿರಬೇಕು ಅಂತ ಹೈಕೋರ್ಟೇ ಹೇಳಿತು. ಸರಿ. ಆದ್ರೆ ಅದೇ ಫೋನಿನಲ್ಲಿ ಸಂಜೆ ಮಗ ಗೇಮ್ ಆಡ್ತಿದ್ರೆ?

ಕಚೇರಿ ವೈಫೈ ಬಿಟ್ಟು ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಹಾಟ್‌ಸ್ಪಾಟ್ ಹಿಡಿದ್ರೆ ಅಪಾಯ ಅಂತ ಎಲ್ಲರೂ ಹೆದರಿಸ್ತಾರೆ. ಆ್ಯಪನ್ನ ಸರಿಯಾಗಿ ಮಾಡಿದ್ರೆ ಮಾಹಿತಿ ಗೂಢಲಿಪಿಯಲ್ಲೇ ಹೋಗುತ್ತೆ, ದಾರಿಯಲ್ಲಿ ಓದೋದು ಸುಲಭ ಅಲ್ಲ. ನನಗೆ ಹೆಚ್ಚಿನ ಭಯ ಫೋನಿನದ್ದೇ. ಲಾಕ್ ಇಲ್ಲ, ಅಪ್‌ಡೇಟ್ ನಿಂತು ವರ್ಷಗಳಾಗಿವೆ, ಅದರ ಮೇಲೆ ವಾಟ್ಸಾಪಿನಲ್ಲಿ "ಮದುವೆ ಕರೆಯೋಲೆ" ಅಂತ ಬರೋ ಎಪಿಕೆ ಫೈಲು! ಅದನ್ನ ಒತ್ತಿ ಇನ್‌ಸ್ಟಾಲ್ ಮಾಡಿ, ಕೇಳಿದ ಅನುಮತಿ ಎಲ್ಲಾ ಕೊಟ್ರೆ ಓಟಿಪಿ ಕೂಡ ಕಳ್ಳರ ಕೈಗೆ. ಆಮೇಲೆ ನೀವು ಕಚೇರಿ ಒಳಗಿದ್ರೂ ಒಂದೇ, ಹೊಲದಲ್ಲಿದ್ರೂ ಒಂದೇ.

ಇದಕ್ಕೆ ಮದ್ದು ಇಲ್ಲದೇ ಇಲ್ಲ. ಆಂಡ್ರಾಯ್ಡ್‌ನಲ್ಲಿ 'ವರ್ಕ್ ಪ್ರೊಫೈಲ್' ಅಂತಿದೆ. ಕಚೇರಿ ಆ್ಯಪ್‌ಗಳು ಬೇರೆ ಕೋಣೆಯಲ್ಲಿದ್ದ ಹಾಗೆ; ಫೋನ್ ಕಳೆದ್ರೆ, ಅದಕ್ಕೆ ನೆಟ್ ಸಿಕ್ಕ ಕೂಡಲೇ, ಕಚೇರಿಯವರು ದೂರದಿಂದ್ಲೇ ಆ ಕೋಣೆ ಅಳಿಸಬಹುದು. ಮನೆಯ ಫೋಟೋಗಳಿಗೆ ಏನೂ ಆಗಲ್ಲ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದು ಮಾಮೂಲು. ಹಳ್ಳಿ ನೌಕರರಿಗೆ ಮಾತ್ರ ಯಾಕೆ "ನಿಮ್ಮ ಫೋನು, ನಿಮ್ಮ ಡೇಟಾ, ನಿಮ್ಮ ಹಣೆಬರಹ"?

ಸ್ವಂತ ಫೋನಿಗೆ ಸರ್ಕಾರ ಕೈಹಾಕಿದ್ರೆ ಖಾಸಗಿತನ ಹೋಗುತ್ತಲ್ಲ ಅಂತೀರಾ? ನಿಜ, ಆ ಅನುಮಾನ ನನಗೂ ಇದೆ. ಅದಕ್ಕೇ ಇಲಾಖೆನೇ ಫೋನು, ಸಿಮ್ಮು ಕೊಡ್ಲಿ, ಅಪ್‌ಡೇಟ್ ಅವರೇ ನೋಡ್ಕೊಳ್ಳಲಿ. ದುಡ್ಡಿಲ್ಲ ಅಂದ್ರೆ ಆ್ಯಪ್‌ಗಳನ್ನಾದ್ರೂ ಕಡಿಮೆ ಮಾಡ್ಲಿ. ಕೊಟ್ಟೂರು ತೇರಿನ ನೂಕುನುಗ್ಗಲಲ್ಲಿ ಒಬ್ಬ ವಿಎ ಜೇಬಿನಿಂದ ಫೋನ್ ಹೋದ್ರೆ, ಅದರಲ್ಲಿ ನಮ್ಮದು ಏನೇನಿತ್ತು ಅಂತ ಊರಿನವರಿಗೆ ಹೇಳೋರು ಯಾರು?