ಟಿಸಿ ಸುಟ್ಟರೆ ರೈತರನ್ನೇ ಯಾಕೆ ಬೈತೀರಿ? ಮೊದಲು ಫ್ಯೂಸ್ ನೋಡಿ

ಟಿಸಿ ಸುಟ್ಟಾಗಲೆಲ್ಲ ನಮ್ಮ ಕಿವಿಗೆ ಬೀಳುವುದು ಒಂದೇ ಮಾತು: "ರೈತರು ಮೋಟರ್ ಜಾಸ್ತಿ ಹಚ್ಚಿದ್ರು, ಅದಕ್ಕೇ ಹೋಯ್ತು." ಲೋಡ್ ಜಾಸ್ತಿಯಾದದ್ದು ನಿಜವೇ ಇರಬಹುದು. ಆದರೆ ಲೋಡ್ ಮಿತಿ ಮೀರಿದಾಗ ಕರೆಂಟ್ ಕಡಿಯಲೆಂದೇ ಅಲ್ಲಿ ಫ್ಯೂಸ್ ಇರುವುದು. ಅದು ಯಾಕೆ ಹೋಗಲಿಲ್ಲ? ಈ ಪ್ರಶ್ನೆಯನ್ನು ನಾವು ಕೇಳಲೇಬೇಕು.

ಲೆಕ್ಕ ಕಷ್ಟದ್ದೇನಲ್ಲ. 433 ವೋಲ್ಟಿನ ಎಲ್‌ಟಿ ಕಡೆ, ಒಂದೊಂದು ಫೇಸಿಗೆ 25 ಕೆವಿಎ ಟಿಸಿ ಸುಮಾರು 33 ಆಂಪ್ಸ್ ತಡೆಯುತ್ತದೆ, 63 ಕೆವಿಎ 84, 100 ಕೆವಿಎ 133. ಫ್ಯೂಸ್ ತಂತಿ ಈ ಅಳತೆಗೆ ತಕ್ಕಂತೆ ಇರಬೇಕು. ಮೇಲೆ 11 ಕೆವಿ ಕಡೆ ಇನ್ನೊಂದು ಫ್ಯೂಸ್ ಇದೆ, ನಿಜ. ಆದರೆ ಅದು ಮುಖ್ಯವಾಗಿ ಟಿಸಿ ಒಳಗೆ ಶಾರ್ಟ್ ಆದಾಗ ಲೈನಿನಿಂದ ಬಿಡಿಸುವುದಕ್ಕೆ. ಓವರ್‌ಲೋಡ್ ತಡೆಯಬೇಕಾದದ್ದು ಎಲ್‌ಟಿ ಫ್ಯೂಸೇ.

ಹಳ್ಳಿಯಲ್ಲಿ ಆಗುವುದೇನು? ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಇರುವ ಮೋಟರುಗಳೆಲ್ಲ ಒಟ್ಟಿಗೇ ಚಾಲೂ ಆಗುತ್ತವೆ. ಚಾಲೂ ಆಗುವಾಗ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಫ್ಯೂಸ್ ಹೋಗುತ್ತದೆ. ಎರಡು ಸಲ ಹೋದ ಮೇಲೆ ಮೂರನೇ ಸಲ ಯಾರೋ ಲೈನಿನ ಅಲ್ಯೂಮಿನಿಯಂ ಎಳೆಯನ್ನೇ ಸುತ್ತುತ್ತಾರೆ. ಆಮೇಲೆ ಆ ತಂತಿ ಹೋಗುವುದಿಲ್ಲ. ಎಣ್ಣೆ ಕಾದು, ಕಾಯಿಲಿನ ಇನ್ಸುಲೇಷನ್ ಕರಕಲಾಗಿ ಟಿಸಿಯೇ ಹೋಗುತ್ತದೆ.

ನಷ್ಟ ಯಾರಿಗೆ? ಸುಟ್ಟ ಟಿಸಿ ಬದಲಿಸಲು ಕೆಇಆರ್‌ಸಿ ನಿಯಮ ಕಲಬುರಗಿಯಂಥ ನಗರಕ್ಕೆ 24 ಗಂಟೆ ಕೊಟ್ಟಿದೆ, ಹಳ್ಳಿಗೆ 72. ಬೇಸಿಗೆಯಲ್ಲಿ ಮೂರು ದಿನ ನೀರಿಲ್ಲದಿದ್ದರೆ ಕೆಂಪು ಬಾಳೆ ಏನಾಗುತ್ತದೆಂದು ಕಮಲಾಪುರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜಿಐ ಟ್ಯಾಗ್ ಕೊಟ್ಟರೆ ಸಾಲದು, ಬಾಳೆಗೆ ನೀರೂ ಬೇಕು.

ಕಲಬುರಗಿಯಲ್ಲಿರುವ ಜೆಸ್ಕಾಂ ಕೇಂದ್ರ ಕಚೇರಿಗೆ ನಮ್ಮ ಬೇಡಿಕೆ ಮೂರೇ. ಪ್ರತಿ ಟಿಸಿ ಮೇಲೆ ಅದರ ಕೆವಿಎ, ಫ್ಯೂಸ್ ತಂತಿಯ ಅಳತೆ ಎರಡನ್ನೂ ಕನ್ನಡದಲ್ಲಿ ಬರೆಸಿ. ಆ ಅಳತೆಯ ತಂತಿ ಲೈನ್‌ಮನ್ ಚೀಲದಲ್ಲಿ ಸದಾ ಇರುವಂತೆ ನೋಡಿಕೊಳ್ಳಿ. ಸರಿಯಾದ ಫ್ಯೂಸೇ ಪದೇ ಪದೇ ಹೋಗುತ್ತಿದ್ದರೆ ಅಲ್ಲಿಗೆ ಬೇಕಾದದ್ದು ದಪ್ಪ ತಂತಿಯಲ್ಲ, ದೊಡ್ಡ ಟಿಸಿ.

ನಮ್ಮ ರೈತರಿಗೂ ಒಂದು ಮಾತು. ಆಟೋ ಸ್ಟಾರ್ಟರ್ ಬಿಟ್ಟು, ಮೋಟರುಗಳನ್ನು ಒಂದಾದ ಮೇಲೊಂದು ಚಾಲೂ ಮಾಡಿ. ಫ್ಯೂಸ್ ಹೋದರೆ ಟಿಸಿ ಪೆಟ್ಟಿಗೆಗೆ ನೀವು ಕೈ ಹಾಕಬೇಡಿ, ಜೀವ ಹೋಗುತ್ತದೆ. 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನಾಳೆ "72 ಗಂಟೆ ಆಯ್ತು, ಟಿಸಿ ಎಲ್ಲಿ?" ಎಂದು ಕೇಳಲು ಅದೇ ನಿಮ್ಮ ಸಾಕ್ಷಿ.